ಶೀಟ್ ರೂಮಿನ ರೈಲು ಮಾರ್ಗ

ರೈಲು ಹಳಿ ತಪ್ಪಿದರೆ ಪೇಪರಿನಲ್ಲಿ ಬರುತ್ತದೆ. ನಮ್ಮ ಮನೆಯ ಮಹಡಿ ಮೇಲೆ ವಾರಕ್ಕೆ ನಾಲ್ಕು ಸಲ ತಪ್ಪುತ್ತದೆ, ಕೇಳುವವರಿಲ್ಲ. ಈಗೀಗಂತೂ ವಾರಕ್ಕೊಂದು ಫಜೀತಿ ಆಗದಿದ್ದರೆ ನನಗೇ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತದೆ.

ನಾನು ಯಲಹಂಕದ ಕಡೆ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ವಯಸ್ಸು ಐವತ್ತೆರಡು. ಊರು ಗದಗ. ಚಿಕ್ಕವಳಿದ್ದಾಗ ಮಧ್ಯಾಹ್ನ ಮಲಗಿದರೆ ಮನೆಯ ಹಿಂದೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಕಿಟಕಿಯಲ್ಲಿ ಡಬ್ಬಿ ಎಣಿಸುತ್ತ ಎಣಿಸುತ್ತ ಮೂವತ್ತರ ಹತ್ತಿರ ಕಣ್ಣು ಮುಚ್ಚಿಹೋಗುತ್ತಿತ್ತು. ಹೀಗಾಗಿ ಆ ಗಾಡಿಯ ಕೊನೆಯ ಡಬ್ಬಿಯನ್ನು ನಾನು ಕಂಡೇ ಇರಲಿಲ್ಲ. ಹೋದ ವರ್ಷ ಮೊಬೈಲಿನ ಒಂದು ವಿಡಿಯೊದಲ್ಲಿ ಯಾರೋ ಮೇಜಿನ ಮೇಲೆ ಪುಟ್ಟ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಕೊನೆಯ ಡಬ್ಬಿಯ ತನಕ ಎಚ್ಚರವಾಗಿದ್ದು ನೋಡಿದೆ. ನನಗೂ ಒಂದು ರೈಲು ಬೇಕು ಅಂತ ಆವತ್ತೇ ಅನ್ನಿಸಿಬಿಟ್ಟಿತು.

ಜಾಗವೂ ಇತ್ತು. ಕೋಗಿಲಿನಲ್ಲಿ ನಾವು ಬಾಡಿಗೆಗಿರುವ ಮನೆಯ ಮಹಡಿ ಮೇಲೆ ಸಿಮೆಂಟ್ ಶೀಟು ಹೊದಿಸಿದ ಒಂದು ಖಾಲಿ ಕೋಣೆ. ಓನರ್ ಅಲ್ಲಿನ ಹಳೇ ಒಕ್ಕಲು ಮನೆತನದವರು. ಮನೆಗೆ ಬಂದ ದಿನವೇ ಹೇಳಿದ್ದರು, "ಶೀಟ್ ರೂಮು ಇಟ್ಕಳಿ ಮೇಡಮ್ಮೋರೆ. ಮುಂದೆ ಇನ್ನೊಂದ್ ಫ್ಲೋರ್ ಎಬ್ಬಿಸ್ದಾಗ ಬಿಟ್ಕೊಡಿ." ರೂಮಿನ ಮಾತು ನೆನಪಿಟ್ಟುಕೊಂಡೆ, ಮುಂದಿನ ಮಾತು ಮರೆತೆ.

ಸ್ಟೇಷನ್ ಮಾಸ್ತರರ ಎತ್ತರ

ಮೊದಲು ಎಂಜಿನ್ ಬಂತು. ನಡುಬೆರಳಿಗಿಂತ ಚೂರು ಉದ್ದ. ಅಂಗೈಯಲ್ಲಿ ಇಟ್ಟುಕೊಂಡು ಅರ್ಧ ದಿನ ಸುಮ್ಮನೆ ಕೂತಿದ್ದೆ, ಒಲೆಯ ಮೇಲಿನ ಬೇಳೆ ಸೀದು ಹೋಯಿತು. ಆಮೇಲೆ ಅಷ್ಟೇ ಪುಟ್ಟದೊಂದು ಸ್ಟೇಷನ್ ಬಂತು. ಕೊನೆಗೆ ಬೇರೊಂದು ಅಂಗಡಿಯಿಂದ ಜನ ಬಂದರು. ಒಬ್ಬ ಸ್ಟೇಷನ್ ಮಾಸ್ತರರು, ಇಬ್ಬರು ಪೋರ್ಟರುಗಳು, ಟ್ರಂಕು ಹಿಡಿದ ಒಂದು ಸಂಸಾರ.

ಈ ಹವ್ಯಾಸದಲ್ಲಿ ಎರಡು ಮೂರು ಬೇರೆ ಬೇರೆ ಅಳತೆಗಳಿವೆ, ಒಂದರ ಗಾಡಿಗೆ ಇನ್ನೊಂದರ ಜನ ಹೊಂದುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾಸ್ತರರನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದೆ. ಅವರ ಟೋಪಿ ಸ್ಟೇಷನ್ನಿನ ಹೆಂಚಿಗೆ ತಾಗುತ್ತಿತ್ತು. ಬಾಗಿಲು ಅವರ ಎದೆಯವರೆಗೂ ಇರಲಿಲ್ಲ.

ನನ್ನ ಯಜಮಾನರು ಫ್ಯಾಕ್ಟರಿಯಿಂದ ಬಂದವರು ಬಹಳ ಹೊತ್ತು ನೋಡಿದರು. "ಮಾಸ್ತರ್ರು ಒಳಗ ಹ್ಯಾಂಗ ಹೋಗ್ತಾರ?"

"ಹೊರಗೇ ಡ್ಯೂಟಿ ರೀ ಅವರ್ದು," ಅಂದೆ.

"ಹಂಗಾದ್ರ ಹಸಿರು ನಿಶಾನಿ ಯಾಕ ಬೇಕು? ಗಾಡೀನ ಕೈಲೆ ಎತ್ತಿ ಮುಂದಿನ ಸ್ಟೇಷನ್ನಿಗೆ ಇಟ್ಟು ಬರ್ತಾರ ಬಿಡು."

ಆಯುಧಪೂಜೆ

ದಸರೆಯ ಹೊತ್ತಿಗೆ ಹಳಿ ಒಂದು ಸುತ್ತು, ಅದರ ಪಕ್ಕ ಪ್ಲಾಸ್ಟರಿನ ಒಂದು ಬೆಟ್ಟ ಮುಗಿದಿತ್ತು. ಆಯುಧಪೂಜೆಯ ದಿನ ಓನರ್ ಹೆಂಡತಿ ತಾವಾಗಿಯೇ ತಟ್ಟೆ ಹಿಡಿದು ಮೇಲೆ ಬಂದರು. "ನಮ್ ಟ್ರ್ಯಾಕ್ಟರ್ ಇದ್ದಾಗ ಎಂಗ್ ಮಾಡ್ತಿದ್ವೋ ಅಂಗೇ ಮಾಡ್ಬೇಕು. ಗಾಡಿ ಅಂದ್ರೆ ಗಾಡಿ. ಸಣ್ಣದು ದೊಡ್ಡದು ಅಂತೇನಿಲ್ಲ."

ಎಂಜಿನ್ನಿನ ಹಣೆಗೆ ವಿಭೂತಿ ಬಂತು, ಕುಂಕುಮ ಬಂತು. ಸೇವಂತಿಗೆ ಹೂವೊಂದನ್ನು ಮುಡಿಸಿದಾಗ ಎಂಜಿನ್ ಪೂರ್ತಿ ಮುಚ್ಚಿಹೋಯಿತು. ಆಮೇಲೆ ಹಳಿಯ ಉದ್ದಕ್ಕೂ ಅರಿಶಿನದ ನೀರು ಚಿಮುಕಿಸಿದರು. ಈ ಗಾಡಿಗೆ ಕರೆಂಟು ಹಳಿಯಿಂದಲೇ ಚಕ್ರಕ್ಕೆ ಬರಬೇಕು, ಹಳಿ ಮೇಲೆ ಚೂರು ಕೊಳೆ ಇದ್ದರೂ ನಿಂತುಬಿಡುತ್ತದೆ. ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಲ್ಯಾಬಿನಲ್ಲಿರುವ ನನಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಊದುಬತ್ತಿಯ ಹೊಗೆ ಬೆಟ್ಟದ ಮೇಲೆ ಮಂಜಿನಂತೆ ಇಳಿಯುತ್ತಿತ್ತು, ನಾನು ಕೈಮುಗಿದು ನೋಡುತ್ತ ನಿಂತಿದ್ದೆ.

ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ತಂದಿದ್ದರು. ನಾಲ್ಕಕ್ಕೆ ಜಾಗವಿಲ್ಲವೆಂದು ಮುಂದೆ ಒಂದನ್ನೇ ಇಟ್ಟರು. ನಾನು ಸ್ವಿಚ್ ಹಾಕಿದೆ. ಹಣ್ಣು ಅಪ್ಪಚ್ಚಿಯಾಗಲಿಲ್ಲ, ಉರುಳಿತು. ಹಣ್ಣು ಮುಂದೆ, ಎಂಜಿನ್ ಹಿಂದೆ. ಒಂದು ಗೇಣು ಹೀಗೇ ಮೆರವಣಿಗೆ ಹೋಗಿ, ತಿರುವಿನಲ್ಲಿ ನಿಂಬೆಹಣ್ಣು ನೇರವಾಗಿ ಕೆಳಗೆ ಬಿತ್ತು. ಎಂಜಿನ್ ಅರಿಶಿನದ ನೀರಿಗೆ ಸಿಕ್ಕಿ ನಿಂತಿತು. ಆವತ್ತು ಮತ್ತೆ ಅಲುಗಲಿಲ್ಲ.

ನನ್ನ ಮುಖ ಸಣ್ಣದಾದದ್ದು ನೋಡಿ ಆಕೆ ಭುಜ ತಟ್ಟಿದರು. "ಪೂಜೆ ಯಾಕ್ ಮಾಡೋದು ಏಳಿ, ಆಕ್ಸಿಡೆಂಟ್ ಆಗ್ಬಾರ್ದು ಅಂತ ತಾನೆ? ನಿಂತಿರೋ ಗಾಡಿಗೆ ಆಕ್ಸಿಡೆಂಟ್ ಆಗಲ್ಲ. ದೇವ್ರು ಕೂಡ್ಲೇ ಫಲ ಕೊಟ್ಟ."

ಅಳತೆ ತೆಗೆಯುವ ಮೇಡಂ

ಬೆಂಚು ಎಷ್ಟು ಎತ್ತರ, ಪ್ಲಾಟ್‌ಫಾರ್ಮಿನ ಅಂಚು ಎಷ್ಟು ಅಗಲ, ಇದೆಲ್ಲ ಸರಿಯಾಗಿ ಬೇಕೆಂದು ಒಂದು ರಜೆಯ ದಿನ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಮನೆಗೆ ಹತ್ತಿರದ ಒಂದು ಸಣ್ಣ ಸ್ಟೇಷನ್ನಿಗೆ ಹೋದೆ. ಕೈಯಲ್ಲಿ ದರ್ಜಿಯ ಟೇಪು, ನೋಟ್‌ಬುಕ್ಕು. ಬೆಳಗಿನ ಎಳೆಬಿಸಿಲು ಹಳಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಳೆಯುವುದನ್ನು ಬಿಟ್ಟು ಅದನ್ನೇ ನೋಡುತ್ತ ನಿಂತುಬಿಟ್ಟೆ. ಎಲ್ಲಿಗಾದರೂ ಹೋಗುವ ಆಸೆಯಲ್ಲ, ಅಲ್ಲೇ ಇರುವ ಆಸೆ.

ಮತ್ತೆ ಎಚ್ಚರವಾಗಿ ಬೆಂಚು ಅಳೆಯತೊಡಗಿದಾಗ ಅದರ ಮೇಲೆ ಕೂತಿದ್ದ ಹಿರಿಯರು ಕಾಲೆತ್ತಿ ಅನುಕೂಲ ಮಾಡಿಕೊಟ್ಟರು. "ಕೊನೆಗೂ ಬಂದ್ರಲ್ಲಾ ಮೇಡಂ. ಆ ನಲ್ಲಿ ನೋಡಿ, ಮೂರು ತಿಂಗಳಿಂದ ನೀರಿಲ್ಲ."

ನಾನು ರೈಲ್ವೆಯವಳಲ್ಲ ಅನ್ನುವಷ್ಟರಲ್ಲಿ ಇನ್ನೊಬ್ಬರು ಬಂದು ಫ್ಯಾನು ತೋರಿಸಿದರು. ಹೂ ಮಾರುವಾಕೆ ನೆರಳು ಕೇಳಿದರು. ಹೇಳಿಕೊಳ್ಳುವವರ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಎಲ್ಲ ಬರೆದುಕೊಂಡು, "ನೋಡೋಣ" ಅಂದು ಓಡಿ ಬಂದೆ.

ಒಂದು ತಿಂಗಳಾದ ಮೇಲೆ ದೀಪದ ಕಂಬದ ಅಳತೆಗೆ ಮತ್ತೆ ಹೋದರೆ ಅದೇ ಹಿರಿಯರು ಎದ್ದು ನಿಂತು ಕೈಮುಗಿದರು. "ಮೇಡಂ, ನಲ್ಲಿ ಸರಿಹೋಯ್ತು. ಎಷ್ಟು ಜನ ಆಫೀಸರ್‌ಗಳು ಬಂದ್ಹೋದ್ರು, ನಿಮ್ಮಂಥೋರು ಒಬ್ರೂ ಬರ್ಲಿಲ್ಲ. ಫ್ಯಾನಿನ ವಿಷ್ಯ ಮಾತ್ರ ಯಾಕೋ ಸ್ವಲ್ಪ ತಡ ಮಾಡ್ತಿದೀರಿ."

ಕೆರೆ ಇಷ್ಟು ದೊಡ್ಡದೇಕೆ

ಸಂಕ್ರಾಂತಿ ಮುಗಿದು ವಾರವಾಗಿತ್ತು. ಓನರ್ ಟೇಪು ಹಿಡಿದು ಮಹಡಿ ಹತ್ತಿ ಬಂದರು. "ಯುಗಾದಿ ಕಳೀತಿದ್ದಂಗೆ ಮೇಸ್ತ್ರಿ ಬತ್ತಾನೆ ಮೇಡಮ್ಮೋರೆ. ಈ ರೂಮು ಒಡೀಬೇಕು."

ಅಷ್ಟು ಹೊತ್ತಿಗೆ ಕೋಣೆಯ ತುಂಬ ರೈಲೇ ಇತ್ತು. ಎರಡು ಪ್ಲೈವುಡ್ ಹಲಗೆಗಳನ್ನು ಮೂಲೆಯಲ್ಲಿ ಸೇರಿಸಿ ಅಂಟು ಹಾಕಿ, ಅದರ ಮೇಲೆ ಪ್ಲಾಸ್ಟರಿನ ಬೆಟ್ಟ, ಕನ್ನಡಿಯ ಕೆರೆ, ಊರು. ಆ ಹಲಗೆ ಬಾಗಿಲಲ್ಲಿ ಹೊರಗೆ ಹೋಗುವುದಿಲ್ಲ ಎನ್ನುವುದು ಕಟ್ಟಿ ಮುಗಿಸಿದ ಮೇಲೆ ನನಗೆ ತಿಳಿದಿತ್ತು. ತೆಗೆಯಬೇಕೆಂದರೆ ಗರಗಸವೇ ಗತಿ.

"ಒಂದ್ಸಲ ಗಲ್ಲ ಹಲಗೆಗೆ ತಾಗೋ ಹಂಗೆ ಬಗ್ಗಿ ನೋಡಿ ಸಾರ್" ಅಂದೆ. ನಾನು ದಿನಾ ನೋಡುವುದು ಹಾಗೆಯೇ. ಕಣ್ಣು ಹಲಗೆಯ ಮಟ್ಟಕ್ಕೆ ಬಂದರೆ ಶೀಟು, ಗೋಡೆ, ಟ್ಯೂಬ್‌ಲೈಟು ಎಲ್ಲ ಮಾಯವಾಗುತ್ತವೆ. ಕೆರೆ ದೂರದವರೆಗೆ ಹೋಗುತ್ತದೆ. ಬೆಟ್ಟದ ಹಿಂದಿನಿಂದ ಗಾಡಿ ನಿಧಾನಕ್ಕೆ ಬರುತ್ತದೆ.

ಓನರ್ ಬಗ್ಗಿದರು. ಗಾಡಿ ಮೂರು ಸುತ್ತು ಬಂತು. ಅವರು ಏಳಲಿಲ್ಲ. ನನಗೆ ಆಸೆ ಹುಟ್ಟಿತು.

"ಮೇಡಮ್ಮೋರೆ," ಅಂದರು ಕೊನೆಗೆ, ಗಲ್ಲ ಇನ್ನೂ ಹಲಗೆಯ ಮೇಲೇ ಇತ್ತು. "ಇಷ್ಟ್ ದೊಡ್ ಕೆರೆ ಯಾಕ್ ಬಿಟ್ರಿ? ಈಗಿನ್ ಕಾಲ್ದಾಗೆ ಯಾರ್ ಬಿಡ್ತಾರೆ?"

"ಚೆನ್ನಾಗಿರುತ್ತೆ ಅಂತ..."

"ಸರಿ, ರಾಜಕಾಲುವೆ ಎಲ್ಲೈತೆ?"

"ಮರೆತೆ ಸಾರ್."

"ಮರೆತೆ ಅಂದ್ರೆ ಎಂಗೆ? ಮಳೆ ಬಂದ್ರೆ ನೀರೆಲ್ಲ ಸ್ಟೇಷನ್ನಿಗೇ ನುಗ್ತದೆ. ಮೊದ್ಲು ಅದ್ ಬಿಡ್ಸಿ." ಎರಡು ಮೆಟ್ಟಿಲು ಇಳಿದವರು ಮತ್ತೆ ತಿರುಗಿ ನೋಡಿದರು. "ರೂಮ್ ಒಡಿಯೋದಂತೂ ಖಂಡಿತ. ಆದ್ರೆ ಒಡಿಯೋವರ್ಗಾದ್ರೂ ಊರು ಸರಿಯಾಗಿರ್ಬೇಕಲ್ವಾ?"

ಬೇಲಿ

ಮಾರನೆಯ ದಿನವೂ ಓನರ್ ಬಂದರು. ಅದರ ಮಾರನೆಯ ದಿನವೂ ಬಂದರು. ನಾಲ್ಕನೆಯ ದಿನ ಹಳಿ ತಿರುಗುವ ಜಾಗಕ್ಕೆ ಬೆರಳಿಟ್ಟು, "ನಮ್ ದ್ರಾಕ್ಷಿ ತೋಟ ಇಂಗೇ ಇತ್ತು, ರೈಲು ತಿರುಗೋ ತಾವ" ಅಂದರು. ಈಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಇದೆ. ನಾನು ಹಸಿರು ಸ್ಪಂಜು ಕತ್ತರಿಸಿ ಸಾಲುಸಾಲಾಗಿ ದ್ರಾಕ್ಷಿ ಬಳ್ಳಿ ನೆಟ್ಟೆ, ಓನರ್ ತೋರಿಸಿದ ಕಡೆ ನಡುವೆ ಕಡ್ಡಿಯ ಬೇಲಿಯೊಂದನ್ನು ನಿಲ್ಲಿಸಿದೆ. ನೋಡಿದ ಓನರ್ ಕಣ್ಣು ಒದ್ದೆಯಾಯಿತು.

ಆದರೆ ಬಾವಿ ಎಲ್ಲಿತ್ತು ಅಂತ ಅವರಿಗೆ ನೆನಪಾಗಲಿಲ್ಲ. ಗೊತ್ತಿದ್ದವರು ಒಬ್ಬರೇ, ಅವರ ಅಣ್ಣ, ಪಕ್ಕದ ಬೀದಿಯವರು. ಅಣ್ಣ ತಮ್ಮ ಮಾತು ಬಿಟ್ಟು ಹದಿನೆಂಟು ವರ್ಷ. ತೋಟ ಪಾಲಾದಾಗ ನಡುವಿನ ಬೇಲಿ ಎಲ್ಲಿ ಹಾಕಬೇಕೆಂದು ಜಗಳವಾಗಿತ್ತು. ತೋಟ ಹೋಯಿತು, ಬೇಲಿಯೂ ಹೋಯಿತು, ಜಗಳ ಮಾತ್ರ ಉಳಿದಿತ್ತು.

"ಅಗೋ ರೋಡ್ನಾಗೆ ಓಗ್ತಾವ್ನೆ," ಓನರ್ ಮಹಡಿಯ ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಅಡಗಿ ನನಗೆ ಪಿಸುಗುಟ್ಟಿದರು. "ನೀವ್ ಕರೀರಿ. ನಾನ್ ಕೇಳ್ದೆ ಅನ್ಬೇಡಿ."

ಕರೆದೆ. ಅಣ್ಣ ಹತ್ತಿ ಬಂದರು. ತಮ್ಮನನ್ನು ನೋಡಿಯೂ ನೋಡದವರಂತೆ ಹಲಗೆಯ ಮೇಲೆ ಬಗ್ಗಿದರು. ಬಾವಿಗೆ ಬೆರಳಿಟ್ಟರು. ಆಮೇಲೆ ಬೇಲಿಯ ಪಕ್ಕ ಒಂದು ಬೆರಳು ಅಡ್ಡವಿಟ್ಟು ನನ್ನನ್ನು ಕೇಳಿದರು, "ಈ ಬೇಲಿ ಯಾರ್ ಹಾಕಿದ್ದು ಮೇಡಂ? ಒಂದ್ ಬೆಟ್ಟು ನನ್ ಕಡೀಕ್ ಬಂದೈತೆ."

"ಒಂದು ಕೂದಲೆಳೆಯಷ್ಟೂ ಬಂದಿಲ್ಲ!" ಅಂದರು ಓನರ್. ಹದಿನೆಂಟು ವರ್ಷದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು ಅದು.

ಮುಂದಿನ ಭಾನುವಾರ ಅಣ್ಣ ಹಳೆಯ ಸರ್ವೆ ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದರು. ಓನರ್ ಅಡಿಕೋಲು ತಂದರು. ಪ್ರತಿ ಭಾನುವಾರ ಹತ್ತು ಗಂಟೆಗೆ ಶುರುವಾದರೆ ಊಟದ ಹೊತ್ತಿನವರೆಗೆ ವಾದ. ಕೆಳಗಿನಿಂದ ಉಪ್ಪಿಟ್ಟು ಬರುತ್ತಿತ್ತು. ಒಮ್ಮೆ ಅಣ್ಣ ಬೈಯುತ್ತ ಬೈಯುತ್ತಲೇ ತಮ್ಮನ ತಟ್ಟೆಗೆ ತಮ್ಮ ಪಾಲಿನ ಗೋಡಂಬಿ ಹಾಕಿದರು.

ನನಗೆ ಮಾತ್ರ ಒಳಗೇ ಕಳವಳ. ಏಕೆಂದರೆ ಓನರ್ ಹೇಳಿಬಿಟ್ಟಿದ್ದರು, "ಈ ಬೇಲಿದೊಂದು ಇತ್ಯರ್ಥ ಆಗ್ಲಿ ಮೇಡಮ್ಮೋರೆ, ಆವತ್ತೇ ಮೇಸ್ತ್ರಿಗೆ ಬರಾಕೇಳ್ತೀನಿ." ಇವರು ರಾಜಿಯಾದ ದಿನ ನನ್ನ ಊರಿಗೆ ಗರಗಸ. ಯುಗಾದಿ ಕಳೆದ ವಾರ ಅಣ್ಣ ನಕ್ಷೆ ಮಡಚಿ, "ಇರ್ಲಿ ಬುಡು, ಬರೋ ವಾರ ಮುಗ್ಸಾಣ" ಅಂದರು. ಅಣ್ಣತಮ್ಮ ಒಂದಾಗುವುದು ನೋಡಿ ಸಂಕಟಪಡುವ ಹೆಂಗಸು ಊರಿಗೆ ನಾನೊಬ್ಬಳೇ ಇರಬೇಕು. ನಾಚಿಕೆಯಾಯಿತು. ಆದರೂ ಶನಿವಾರ ಸಂಜೆ ಬೇಲಿಯನ್ನು ಚೂರು ಸರಿಸಿ ಬರೋಣವೆಂದು ಮೆಲ್ಲಗೆ ಮಹಡಿ ಹತ್ತಿದೆ.

ಕೋಣೆಯಲ್ಲಿ ಓನರ್ ಇದ್ದರು. ಅವರ ಕೈ ಬೇಲಿಯ ಮೇಲಿತ್ತು.

ಇಬ್ಬರೂ ಬೆಚ್ಚಿದೆವು. ಅವರು ಕೈ ತೆಗೆಯಲಿಲ್ಲ. "ನಾಳೆ ಮುಗ್ದೋದ್ರೆ ನಮ್ಮಣ್ಣ ಇನ್ಯಾಕ್ ಬತ್ತಾನೆ ಮೇಡಮ್ಮೋರೆ?" ಅಂದರು. ದನಿ ಸಣ್ಣದಾಗಿತ್ತು.

"ಎಷ್ಟು ಸರಿಸಿದ್ರಿ ಸಾರ್?"

"ಅಣ್ಣನ್ ಕಡೀಕ್ ಅರ್ಧ ಬೆಟ್ಟು."

"ಅಷ್ಟು ಅವರ ಕಣ್ಣಿಗೆ ಬೀಳಲ್ಲ. ಒಂದು ಬೆಟ್ಟು ಮಾಡಿ," ಅಂದು ನಾನೇ ಇನ್ನೊಂದು ತುದಿ ಹಿಡಿದೆ.

ಭಾನುವಾರ ಅಣ್ಣ ಬಂದವರೇ ಬಗ್ಗಿ ನೋಡಿ, ಎದ್ದು ಗುಡುಗಿದರು. "ಬೇಲಿ ಯಾರ್ ಸರಿಸಿದ್ದು?"

"ರೈಲು ಓಡಿ ಓಡಿ ಅದುರಿ ಸರಿದಿರ್ಬೇಕು," ಅಂದೆವು ಓನರೂ ನಾನೂ, ಒಟ್ಟಿಗೇ.

ಅಣ್ಣ ನನ್ನ ಬೆರಳುದ್ದದ ಎಂಜಿನ್ ನೋಡಿದರು. ನಮ್ಮಿಬ್ಬರನ್ನು ನೋಡಿದರು. "ಅಂಗಾದ್ರೆ," ಅಂದರು, "ಓದ್ವಾರ ನೀವಿಬ್ರೂ ಕಾಫಿ ತರಾಕೆ ಇಳಿದಾಗ ನಾನ್ ಇವನ್ ಕಡೀಕ್ ಎರಡ್ ಬೆಟ್ಟು ಸರಿಸಿದ್ನಲ್ಲ, ಅದ್ರಾಗ್ ಒಂದ್ ಬೆಟ್ಟು ಎಲ್ ಓಯ್ತು?"

ಗಾಡಿ ದ್ರಾಕ್ಷಿ ತೋಟದ ಪಕ್ಕ ಒಂದು ಸುತ್ತು ಬಂದು ಹೋಯಿತು. ಓನರ್ ಮೊಬೈಲ್ ತೆಗೆದು ಮೇಸ್ತ್ರಿಗೆ ಫೋನ್ ಹಚ್ಚಿದರು.

"ನೀನ್ ಬರಬ್ಯಾಡ ಕಣಪ್ಪ," ಅಂದರು. "ಮಹಡಿ ಮೇಲೆ ಜಮೀನಿನ ತಕರಾರೈತೆ."