ಸರ್ಕಾರಿ ಮೂಗಿಗೆ ಖಾರದ ಊದ್

ನಮ್ಮ ವಾಸನಾ ನಿಯಂತ್ರಣ ಇಲಾಖೆಯಲ್ಲಿ ನೌಕರನ ಮೂಗು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಸರ್ಕಾರದ ಸೊತ್ತು. ಉಳಿದ ಹೊತ್ತಿನಲ್ಲಿ ಅದನ್ನು ಅವನು ಸ್ವಂತಕ್ಕೆ ಬಳಸಿಕೊಳ್ಳಬಹುದು. ನೆಗಡಿ ಬಂದರೆ ಮಾತ್ರ ಮೇಲಧಿಕಾರಿಗಳ ಗಮನಕ್ಕೆ ತರತಕ್ಕದ್ದು.

ನಾನು ಈ ಇಲಾಖೆಯ ಹಿರಿಯ ಆಘ್ರಾಣಕ. ಊರಲ್ಲಿ ನನ್ನನ್ನು ‘ಮೂಸೋ ಸಾಹೇಬ’ ಅಂತಾರೆ. ಅನ್ನಲಿ, ಬಾಯಿ ಅವರದು. ಎಲ್ಲಿಯಾದರೂ ಕೆಟ್ಟ ವಾಸನೆ ಬರುತ್ತಿದೆ ಎಂದು ಯಾರಾದರೂ ದೂರು ಕೊಟ್ಟರೆ ನಾನು ಅಲ್ಲಿಗೆ ಹೋಗಿ ಮೂಸಬೇಕು. ವಾಸನೆ ಇದ್ದರೆ ಇದೆ ಎಂದು ಬರೆಯಬೇಕು. ಆಮೇಲೆ ಚರಂಡಿ ಇಲಾಖೆಯವರು ಬಂದು ರಿಪೇರಿ ಮಾಡುತ್ತಾರೆ, ಅಥವಾ ಮಾಡುವುದಿಲ್ಲ. ಸ್ಥಳದಲ್ಲಿ ಆಘ್ರಾಣಕನ ಮೂಗಿಗೆ ಬಂದದ್ದು ಮಾತ್ರ ವಾಸನೆ, ಬಾರದ್ದು ಇಲ್ಲ, ಎಂಬುದು ನಮ್ಮ ಮೂಲ ನಿಯಮ. ಇದನ್ನು ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನ ಮೂಗು ತಣ್ಣಗಿರಲಿ.

ಹೀಗಿರುವಾಗ ಹಿಂದಿನ ಬೀದಿಯ ಟೈಲರಮ್ಮ ಒಂದು ದಿನ ಏದುಸಿರು ಬಿಡುತ್ತಾ ನನ್ನ ಮೇಜಿನ ಮುಂದೆ ಬಂದು ನಿಂತರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಸಾರ್, ನನ್ನ ಅಂಗಡಿ ಕೆಳಗೆ ಚರಂಡಿ ಒಡೆದುಹೋಗಿದೆ. ಇಡೀ ಸ್ಕೂಲಿನ ಯೂನಿಫಾರ್ಮ್ ಹೊಲಿಯೋಕೆ ಒಪ್ಕೊಂಡಿದೀನಿ. ಬಟ್ಟೆಗೆಲ್ಲ ನಾತ ಹತ್ತಿಬಿಟ್ಟಿದೆ. ಸ್ಕೂಲ್ ಶುರುವಾಗೋದ್ರೊಳಗೆ ಸರಿಯಾಗ್ಲಿಲ್ಲ ಅಂದ್ರೆ ಹೆಡ್‌ಮಿಸ್ ಅಷ್ಟನ್ನೂ ನನ್ನ ಮುಖದ ಮೇಲೆ ಎಸೀತಾರೆ. ಆಮೇಲೆ ಮಷಿನ್ ಮಾರ್ಕೊಂಡು ಮನೇಲಿ ಕೂತ್ಕೋಬೇಕು, ಅಷ್ಟೆ.”

“ದೂರು ಕೊಟ್ಟಿದೀರಲ್ಲಮ್ಮ. ಮೂಸೋ ಸರದಿ ಬರ್ಬೇಕು,” ಎಂದೆ.

“ಸರದಿ ಯಾಕೆ ಸಾರ್? ನಿಮ್ಮ ಕಿಟಕೀಲೇ ಬರ್ತಾ ಇದೆಯಲ್ಲ!”

ಬರುತ್ತಿದ್ದದ್ದು ನಿಜ. ಆ ಚರಂಡಿ ನಮ್ಮ ಕಟ್ಟಡದ ಅಡಿಯಲ್ಲೇ ಹಾದುಹೋಗುತ್ತದೆ. ಆದರೆ ಕಿಟಕಿಯಿಂದ ತಾನಾಗಿ ಬಂದ ವಾಸನೆಯನ್ನು ನಾವು ಪರಿಗಣಿಸುವ ಹಾಗಿಲ್ಲ. ನಾವು ವಾಸನೆಯ ಹತ್ತಿರ ಹೋಗಬೇಕೇ ಹೊರತು ವಾಸನೆ ನಮ್ಮ ಹತ್ತಿರ ಬಂದರೆ ಅದು ಸ್ಥಳ ಪರಿಶೀಲನೆ ಎನಿಸುವುದಿಲ್ಲ. ಇದನ್ನು ವಿವರಿಸಿದೆ. ಆಕೆ ಹಣೆ ಚಚ್ಚಿಕೊಂಡು ಹೊರಟುಹೋದರು.

ಅತ್ತ ನಮ್ಮ ಸಾಹೇಬರ ಕೋಣೆ ಚರಂಡಿಯ ನೆತ್ತಿಯ ಮೇಲೇ ಇತ್ತು. “ಕೂತ್ಕೊಳ್ಳೋಕೆ ಆಗ್ತಿಲ್ಲ ಕಣ್ರೀ, ತಲೆ ಸಿಡೀತಿದೆ,” ಎಂದರು.

“ಚರಂಡಿ ಇಲಾಖೆಗೆ ಒಂದು ಮಾತು ಹೇಳೋಣವಾ ಸಾರ್?”

“ನಿಮಗೇನು ತಲೆ ಕೆಟ್ಟಿದೆಯೇನ್ರೀ? ವಾಸನಾ ಇಲಾಖೇಲೇ ವಾಸನೆ ಅಂದ್ರೆ ಜನ ಎಲ್ಲಿಂದ ನಗ್ತಾರೆ ಗೊತ್ತಾ?”

ಎಲ್ಲಿಂದ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುತ್ತೋಲೆ ಬಂತು.

‘ಸಿಬ್ಬಂದಿಯ ಮೂಗಿನ ಹಿತದೃಷ್ಟಿಯಿಂದ ಸುಗಂಧದ್ರವ್ಯವೊಂದನ್ನು ಆರಿಸತಕ್ಕದ್ದು. ಸದರಿ ದ್ರವ್ಯವು ಬೆಲೆಯಲ್ಲಿ ಅಗ್ಗವೂ ವಾಸನೆಯಲ್ಲಿ ದುಬಾರಿಯೂ ಆಗಿರತಕ್ಕದ್ದು. ಬೆಲೆ ತಿಳಿದವನು ಮೂಸತಕ್ಕದ್ದಲ್ಲ. ಮೂಸಿದವನು ಬೆಲೆ ಕೇಳತಕ್ಕದ್ದಲ್ಲ.’

ಬೆಲೆ ತಿಳಿದಿದ್ದವರು ಸಾಹೇಬರು ಒಬ್ಬರೇ, ಏಕೆಂದರೆ ಸೆಂಟಿನ ಅಂಗಡಿ ಅವರ ಬಾಮೈದನದು. ಇದು ಬರೀ ಕಾಕತಾಳೀಯ ಎಂದು ಸಾಹೇಬರೇ ಬಾಯಿಬಿಟ್ಟು ಹೇಳಿದ್ದಾರೆ. ನಡುವೆ ನಾನ್ಯಾಕೆ ಅನುಮಾನ ಪಡಲಿ?

ಸೆಂಟಿನ ಹೆಸರು ‘ಕಪ್ಪು ದರ್ಬಾರ್’. ಖಾರದ ಊದ್. ಕಪ್ಪು ಡಬ್ಬಿ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಬಾಟಲಿಯ ಮುಚ್ಚಳ ನೋಡಿದರೆ ಲೋಹ, ಎತ್ತಿದರೆ ಪ್ಲಾಸ್ಟಿಕ್. ಅಗರು ಮರದಿಂದ ಬರುವ ಅಸಲಿ ಊದ್ ಬಂಗಾರದ ಹಾಗೆ, ನಮ್ಮಂಥವರ ಕೈಗೆ ಎಟುಕುವುದಲ್ಲ. ಇದರಲ್ಲಿ ಅಗರು ಎಷ್ಟಿದೆ ಎಂದು ಬಾಮೈದನನ್ನು ಕೇಳಿದೆ. “ಮರದ ನೆರಳು ಬಿದ್ದಿದೆ ಸಾರ್,” ಎಂದು ಪ್ರಾಮಾಣಿಕವಾಗಿ ಹೇಳಿದ.

ಹಚ್ಚಿಕೊಂಡು ಪರೀಕ್ಷಿಸಲು ನನ್ನನ್ನು ಅಧಿಕೃತ ಧಾರಕನೆಂದು ನೇಮಿಸಿದರು. ಎರಡು ಮಣಿಕಟ್ಟಿಗೆ ಒಂದೊಂದು ಸಲ, ಕತ್ತಿಗೆ ಒಂದು ಸಲ ಸ್ಪ್ರೇ. ಅಬ್ಬಬ್ಬಾ! ಮೊದಲ ಏಟಿಗೆ ಹೊಳ್ಳೆಯೊಳಗೆ ಮೆಣಸಿನ ಡಬ್ಬಿ ಮಗುಚಿದ ಹಾಗಾಯಿತು. ಹಿಂದೆಯೇ ಲವಂಗ. ಸ್ವಲ್ಪ ತಾಳಿದರೆ ಏಲಕ್ಕಿ, ಕೇಸರಿ, ಎಲ್ಲೋ ಮೂಲೆಯಲ್ಲಿ ಮುದುಡಿ ಕೂತ ಗುಲಾಬಿ. ಆಮೇಲೆ ನಿಧಾನಕ್ಕೆ ಹೊಗೆ, ಚರ್ಮದ ಚೀಲ, ಹಳೇ ಮರದ ಪೆಟ್ಟಿಗೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಸಂಜೆಯ ಹೊತ್ತಿಗೆ ಕೊಂಚ ಹೊಸ ಪ್ಲಾಸ್ಟಿಕ್ ಕುರ್ಚಿಯ ವಾಸನೆ ಬಂತು. ಆ ಬೆಲೆಗೆ ಅಷ್ಟು ಸಹಿಸಬೇಕು. ಬೆಲೆ ನನಗೆ ಗೊತ್ತಿಲ್ಲ.

ನಡುನಡುವೆ ಮೂಗು ಹದಕ್ಕೆ ಬರಲು ಕಾಫಿ ಬೀಜ ಮೂಸಬೇಕಂತೆ. ಬೀಜ ಮೂಸಿ ಹಾಗೇ ಎಸೆಯುವುದು ಸಾರ್ವಜನಿಕ ಸಂಪತ್ತಿನ ಅಪವ್ಯಯ ಎಂದು ಸಾಹೇಬರು ಎಲ್ಲರಿಗೂ ಕಾಫಿಯನ್ನೇ ಮಾಡಿಸಿದರು.

ವಾಸನೆ ಎಷ್ಟು ದೂರ ಹೋಗುತ್ತದೆ ಎಂದು ಅಳೆಯಲು ಜವಾನನನ್ನು ದೂರ ಕಳಿಸಿದೆವು. ವಾಸನೆ ಬಂದರೆ ಕೈ ಎತ್ತಬೇಕು. ಬಾಗಿಲಲ್ಲಿ ಎತ್ತಿದ, ಮೆಟ್ಟಿಲ ಹತ್ತಿರ ಎತ್ತಿದ, ಗೇಟಿನಾಚೆಯೂ ಎತ್ತಿದ. ರಸ್ತೆ ಬದಿಯಲ್ಲಿ ಎತ್ತಿದಾಗ ಬಸ್ಸು ನಿಂತಿತು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಇನ್ನು ಎಷ್ಟು ಹೊತ್ತು ಬಾಳುತ್ತದೆ ಎಂಬ ಪ್ರಶ್ನೆ. ‘ದ್ರವ್ಯವು ತಾನಾಗಿ ಇಳಿಯುವವರೆಗೆ ಧಾರಕನು ಸ್ನಾನ ಮಾಡತಕ್ಕದ್ದಲ್ಲ’ ಎಂದು ಆದೇಶವಾಯಿತು. ಹಾಗೇ ಮನೆಗೆ ಹೋದೆ.

“ಏನ್ರೀ ಇದು? ಯಾವ ಮಹಾರಾಜನ ಮನೆಗೆ ಹೋಗಿದ್ರಿ?” ಬಾಗಿಲಲ್ಲೇ ಹೆಂಡತಿ ತಡೆದಳು.

“ಆಫೀಸ್ ಕೆಲಸ ಕಣೇ.”

“ಆಹಾ! ಇಷ್ಟು ವರ್ಷ ಕೊಳಚೆ ನಾತ ಹೊತ್ಕೊಂಡು ಬರ್ತಿದ್ರಿ. ಅದಾದ್ರೂ ನಂಬೋ ಹಾಗಿತ್ತು.”

ಮಗಳು ಸೀನತೊಡಗಿದಳು. ನನ್ನ ದಿಂಬು ವರಾಂಡಕ್ಕೆ ಬಂತು. ಮಾರನೆಯ ದಿನವೂ ವಾಸನೆ ಇಳಿಯಲಿಲ್ಲ ಎಂದು ಸುತ್ತಲಿನವರೆಲ್ಲ ಹೇಳಿದರು. ನನಗಂತೂ ಏನೂ ಗೊತ್ತಾಗುತ್ತಿರಲಿಲ್ಲ. ಹಚ್ಚಿಕೊಂಡವನಿಗೆ ತಿಳಿಯದೆ ಪಕ್ಕದವರನ್ನು ಮಾತ್ರ ಕಾಡುವ ಈ ಗುಣ ಇಲಾಖೆಯ ಪರಂಪರೆಗೆ ಹೊಂದಿಕೊಳ್ಳುತ್ತದೆ ಎಂದು ಷರಾ ಬರೆದು, ಮತ್ತೊಂದು ಸಲ ಧಾರಾಳವಾಗಿ ಹೊಡೆದುಕೊಂಡೆ.

ಅದೇ ದಿನ ಟೈಲರಮ್ಮನ ದೂರಿನ ಸರದಿ ಬಂತು.

ಅಂಗಡಿಯೆಂದರೆ ಒಂದೇ ಕೋಣೆ. ಗೋಡೆಯುದ್ದಕ್ಕೂ ನೀಲಿ ಸ್ಕರ್ಟು, ಬಿಳಿ ಶರಟುಗಳ ರಾಶಿ. ಮಡಿಕೆ ಮಡಿಕೆಯ ನಡುವೆ ಆಕೆ ಸೋಪಿನ ತುಂಡು ಸಿಕ್ಕಿಸಿಟ್ಟಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಗುಂಡಿ ಹಚ್ಚುತ್ತಿದ್ದರು.

“ಬನ್ನಿ ಸಾರ್, ದೇವರು ಬಂದ ಹಾಗೆ ಬಂದ್ರಿ. ಮೂಸಿ.”

ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದೆ. ಮೆಣಸು. ಲವಂಗ. ಊದ್. ಹಿತ್ತಲ ಕಡೆ ಹೋಗಿ ಮೂಸಿದೆ. ಊದ್. ಬಗ್ಗಿ ಒಡೆದ ಕಲ್ಲಿನ ಸಂದಿಗೇ ಮೂಗಿಟ್ಟೆ. ಕೇಸರಿ ಬಂತು. ನಿಯಮ ನಿಯಮವೇ. ‘ದುರ್ವಾಸನೆ ಕಂಡುಬಂದಿಲ್ಲ’ ಎಂದು ಬರೆದೆ.

“ಅಯ್ಯೋ ನಿಮ್ಮ! ಸಾರ್, ನಿಮ್ಮ ಕಾಲು ಎಲ್ಲಿದೆ ನೋಡ್ಕೊಳ್ಳಿ ಸ್ವಲ್ಪ!”

ನೋಡಿಕೊಂಡೆ. ಎಡಗಾಲಿನ ಬೂಟು ಚರಂಡಿ ನೀರಿನಲ್ಲಿ ಮುಳುಗಿತ್ತು. “ಇದು ಒದ್ದೆ ಅಮ್ಮ,” ಎಂದೆ. “ಒದ್ದೆ ನಮ್ಮ ಇಲಾಖೆಗೆ ಬರಲ್ಲ.”

“ನಾನೇನು ಪಾಪ ಮಾಡಿದ್ದೆ ಸಾರ್? ಹಗಲೂ ರಾತ್ರಿ ಹೊಲಿದಿದೀನಿ. ಒಂದು ಹೊಲಿಗೆ ವಾರೆ ಬಂದಿಲ್ಲ. ಈ ನಾತಕ್ಕೆ ನನ್ನ ಬದುಕು ಹಾಳಾಗ್ಬೇಕಾ?” ಆಕೆಯ ಕಣ್ಣಲ್ಲಿ ದಳದಳ ನೀರು ಬಂತು. ‘ದ್ರವ್ಯದ ಖಾರವು ನಾಗರಿಕರ ಕಣ್ಣಿಗೂ ತಟ್ಟುತ್ತದೆ’ ಎಂದು ಮೌಲ್ಯಮಾಪನದ ವರದಿಗೆ ಸೇರಿಸಿದೆ.

ಎರಡೂ ವರದಿಗಳನ್ನು ಸಾಹೇಬರು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಮುಖ ಅರಳಿತು.

“ಏನ್ರೀ ಇದು! ಮೂರು ಸ್ಪ್ರೇಗೆ ಒಂದು ಚರಂಡಿ ರಿಪೇರಿ!”

ಅಂದಿನಿಂದ ಆಘ್ರಾಣಕರೆಲ್ಲರೂ ಕಪ್ಪು ದರ್ಬಾರ್ ಧರಿಸಿಯೇ ಸ್ಥಳಕ್ಕೆ ಹೋಗತಕ್ಕದ್ದು ಎಂದಾಯಿತು. ಊರಿನ ಕಸದ ಗುಡ್ಡ, ಕೆರೆ, ಸಾರ್ವಜನಿಕ ಶೌಚಾಲಯ, ಎಲ್ಲವೂ ಒಂದೊಂದಾಗಿ ಮೆಣಸು, ಲವಂಗ, ಊದ್ ಆದವು. ಹಠಮಾರಿ ದೂರುದಾರರು ಕೆಲವರು ಉಳಿದರು. ಅವರಿಗಾಗಿ ಬಾಗಿಲಲ್ಲಿ ಒಂದು ಬಾಟಲಿ ಇಟ್ಟು ಬೋರ್ಡು ಹಾಕಿದೆವು: ‘ಪೂರ್ವಗ್ರಹವಿಲ್ಲದೆ ದೂರು ನೀಡಲು ಮೊದಲು ಇದನ್ನು ಮೂಗಿನ ಕೆಳಗೆ ಹಚ್ಚಿಕೊಳ್ಳಿ.’ ಹಚ್ಚಿಕೊಂಡವರು ಏನು ಹೇಳಲು ಬಂದಿದ್ದೆವೆಂದು ಮರೆತು ಸೀನುತ್ತಾ ಮನೆಗೆ ಹೋದರು. ದುರ್ವಾಸನೆ ನಿರ್ಮೂಲನೆ ಮಾಡಿದ ಇಲಾಖೆಯೆಂದು ನಮಗೆ ಫಲಕ ಸಿಕ್ಕಿತು. ಬಾಮೈದ ಎರಡನೇ ಅಂಗಡಿ ತೆರೆದ. ಅದೂ ಕಾಕತಾಳೀಯವೇ.

ಸ್ಕೂಲು ಶುರುವಾಗುವ ಹಿಂದಿನ ದಿನ ಟೈಲರಮ್ಮ ಮತ್ತೆ ಬಂದರು. ಈ ಸಲ ಅಳಲಿಲ್ಲ, ಬೈಯಲೂ ಇಲ್ಲ.

“ಸಾರ್, ವಾಸನೆ ಇಲ್ಲ ಅಂತ ಬರೆದಿದೀರಲ್ಲ. ಅದಕ್ಕೊಂದು ಸೀಲ್ ಹೊಡೆದು ಕೊಟ್ಬಿಡಿ.”

ಕೊಟ್ಟೆ. ಯೂನಿಫಾರ್ಮ್ ಗಂಟುಗಳ ಜೊತೆ ಅದನ್ನೂ ಹಿಡಿದು ಆಕೆ ಸ್ಕೂಲಿಗೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಆಕೆಯೇ ನನಗೆ ಹೇಳಿದರು. ಗಂಟು ಬಿಚ್ಚುತ್ತಲೇ ಹೆಡ್‌ಮಿಸ್ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಥೂ! ಇದೇನಮ್ಮ ಇದು ನಾತ!” ಎಂದರಂತೆ.

“ನಾತ ಇಲ್ಲ ಮೇಡಂ. ಸರ್ಕಾರ ಮೂಸಿ ನೋಡಿದೆ.”

ಹೆಡ್‌ಮಿಸ್ ಸೀಲು ನೋಡಿದರು. ಸರ್ಕಾರದ ಅನುದಾನದಲ್ಲಿ ನಡೆಯುವ ಸ್ಕೂಲು ಸರ್ಕಾರದ ಮೂಗನ್ನು ಪ್ರಶ್ನಿಸುವುದು ಹೇಗೆ? ಸೆರಗು ನಿಧಾನಕ್ಕೆ ಕೆಳಗಿಳಿಯಿತು. “ಹೊಲಿಗೆ ಚೆನ್ನಾಗಿದೆ,” ಎಂದು ತೆಗೆದುಕೊಂಡರು.

ಟೈಲರಮ್ಮನ ಮಷಿನ್ ಉಳಿಯಿತು. ಸೀಲು ಹೊಡೆದ ಬಟ್ಟೆ ಎಂದು ಸುದ್ದಿ ಹರಡಿ ಆಸ್ಪತ್ರೆಯವರು ಬೆಡ್‌ಶೀಟುಗಳನ್ನೂ ಅವರಿಗೇ ಕೊಟ್ಟರು. ಆಗಲೇ ನೋಡಿ, ಚರಂಡಿ ಇಲಾಖೆಯವರು ಎಂದೂ ಇಲ್ಲದವರು, ಬೇರೆ ಬೀದಿಗೆ ಹೋಗಬೇಕಾದವರು, ದಾರಿ ತಪ್ಪಿ ಗುದ್ದಲಿ ಹಾರೆ ಸಮೇತ ಹಿಂದಿನ ಬೀದಿಗೆ ಬಂದು ಕಲ್ಲು ಎಬ್ಬಿಸತೊಡಗಿದರು. ಟೈಲರಮ್ಮ ಕತ್ತರಿ ಹಿಡಿದೇ ಓಡಿಬಂದರು.

“ಮುಟ್ಟಿದ್ರೆ ನೋಡಿ! ಇಲ್ಲಿ ವಾಸನೆ ಇಲ್ಲ ಅಂತ ಸರ್ಕಾರಿ ಸೀಲ್ ಇದೆ. ಈಗ ನೀವು ರಿಪೇರಿ ಮಾಡಿದ್ರೆ ಮೊದಲು ವಾಸನೆ ಇತ್ತು ಅಂತಾಗಲ್ವಾ? ಆ ಯೂನಿಫಾರ್ಮ್ ಎಲ್ಲ ವಾಪಸ್ ಬಂದ್ರೆ ನೀವು ಹಾಕ್ಕೋತೀರಾ?”

ಅವರ ಮೇಸ್ತ್ರಿ ತಲೆ ಕೆರೆದುಕೊಂಡು, ಗಲಾಟೆ ಕೇಳಿ ಆಫೀಸಿನಿಂದ ಬಂದಿದ್ದ ನನ್ನ ಕಡೆ ನೋಡಿದ. ನಾನು ಮೂಸಿ ನೋಡಿ ಆಕೆ ಹೇಳುವುದು ಸರಿ ಎಂದೆ. ಕಲ್ಲನ್ನು ಇದ್ದ ಹಾಗೆ ಮುಚ್ಚಿ, ಮೇಲೆ ಸಿಮೆಂಟು ಬಳಿದು ಹೋದರು.

ನನ್ನ ಮಗಳು ಓದುವುದು ಅದೇ ಸ್ಕೂಲಿನಲ್ಲಿ. ಹೊಸ ಯೂನಿಫಾರ್ಮ್ ತೊಟ್ಟು ಮೊದಲ ದಿನ ಮನೆಗೆ ಬಂದಾಗ ಹೆಂಡತಿ ಕೂಗಿಕೊಂಡಳು.

“ರೀ, ಬನ್ನಿ ಇಲ್ಲಿ! ಮಗೂನ ಮೂಸಿ ನೋಡಿ!”

ಐದೂವರೆ ಕಳೆದಿತ್ತು. ಮೂಗು ನನ್ನ ಸ್ವಂತದ್ದು. ಮಂಡಿಯೂರಿ ಕೂತು ಮಗಳ ಭುಜಕ್ಕೆ ಮೂಗಿಟ್ಟೆ. ಎಳೆ ಮಗುವಾಗಿದ್ದಾಗ ಅಲ್ಲಿ ಎಂಥದೋ ಒಂದು ಪರಿಮಳವಿರುತ್ತಿತ್ತು, ಎತ್ತಿಕೊಂಡರೆ ಕೆಳಗಿಳಿಸಲು ಮನಸ್ಸಾಗುತ್ತಿರಲಿಲ್ಲ. ಅದನ್ನು ಹುಡುಕಿದೆ. ಮೆಣಸು, ಲವಂಗ, ಊದ್.

“ಏನೂ ಬರ್ತಿಲ್ಲ ಕಣೇ,” ಎಂದೆ.

“ನಮ್ಮ ಮಿಸ್ಸೂ ಹಾಗೇ ಹೇಳಿದ್ರು ಅಪ್ಪ,” ಎಂದಳು ಮಗಳು. “ಅವರ ಬ್ಯಾಗಲ್ಲೂ ಕಪ್ಪು ಬಾಟಲಿ ಇದೆ.”

ಹೆಂಡತಿ ನಮ್ಮಿಬ್ಬರನ್ನೂ ಒಂದು ಸಲ ನೋಡಿ ಒಳಗೆ ಹೋದಳು. ಎಷ್ಟು ಒಗೆದರೂ ನಾತ ಹೋಗಲಿಲ್ಲ. ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಹೊತ್ತು ಅವಳೂ ಮಣಿಕಟ್ಟು ಚಾಚತೊಡಗಿದಳು. ಆಮೇಲೆ ಮಗಳು. ಸೀನುವುದು ನಿಂತಿತು. ನನ್ನ ದಿಂಬು ಒಳಗೆ ಬಂತು. ಸಂಸಾರವೆಂದರೆ ಹೀಗಿರಬೇಕು.

ಮೊನ್ನೆ ಭಾನುವಾರ ಎಲ್ಲರೂ ಎಣ್ಣೆಸ್ನಾನ ಮಾಡಿ ಬಂದು ನೋಡಿದರೆ ಬಾಟಲಿ ಖಾಲಿ. ಬಾಮೈದನ ಎರಡೂ ಅಂಗಡಿಗಳಿಗೆ ರಜೆ. ಹೆಂಡತಿ ಯೂನಿಫಾರ್ಮ್ ಒಗೆದು ಮಾಳಿಗೆಯಲ್ಲಿ ಒಣಹಾಕಿದ್ದಳು. ತಿಂಗಳುಗಟ್ಟಲೆ ಒಗೆದದ್ದಕ್ಕೋ ಏನೋ, ಒಳಗಿನ ನಾತ, ಊದ್ ಎಲ್ಲ ಅಂತೂ ಬಿಟ್ಟುಹೋಗಿತ್ತು. ಸಂಜೆ ಮಗಳು ಅದನ್ನು ತರಲು ಹೋದವಳು ಹೆದರಿ ಓಡಿಬಂದಳು.

“ಅಪ್ಪಾ! ಇದರಲ್ಲಿ ಏನೋ ವಾಸನೆ ಬರ್ತಿದೆ!”

ನಾನು ಮೂಸಿದೆ. ಹೆಂಡತಿ ಮೂಸಿದಳು. ಬರುತ್ತಿತ್ತು. ಸೋಪು, ಬಿಸಿಲು, ಗಾಳಿ. ಎಲ್ಲೋ ಹಿಂದೆ ಮೂಸಿದ್ದ ಹಾಗಿತ್ತು, ಇಂಥದ್ದೇ ಎಂದು ಹೇಳಲಾಗಲಿಲ್ಲ. ಹೆಂಡತಿ ಯಾಕೋ ಅದನ್ನು ಬಹಳ ಹೊತ್ತು ಮುಖಕ್ಕೆ ಒತ್ತಿ ಹಿಡಿದುಕೊಂಡಿದ್ದಳು. ಮಗಳು ಮಾತ್ರ ಅದನ್ನು ತೊಡುವುದಿಲ್ಲವೆಂದು ಅಳುತ್ತಾ ಮಲಗಿದಳು.

ಜವಾಬ್ದಾರಿಯುತ ನಾಗರಿಕನಾಗಿ ಸೋಮವಾರ ಬೆಳಿಗ್ಗೆ ನನ್ನ ಮನೆಯ ಮೇಲೆ ನಾನೇ ದೂರು ಕೊಟ್ಟೆ. ಸಾಹೇಬರು ಸರದಿ ಮೀರಿಸಿ ತುರ್ತಾಗಿ ನನ್ನನ್ನೇ ಕಳಿಸಿದರು. ಹೊಸ ಬಾಟಲಿ ತೆರೆದು, ಮಣಿಕಟ್ಟಿಗೆ ಎರಡು, ಕತ್ತಿಗೆ ಒಂದು, ನಿಯಮದಂತೆ ಧರಿಸಿ ಸ್ಥಳ ಪರಿಶೀಲಿಸಿದೆ. ಯಾವ ವಾಸನೆಯೂ ಇರಲಿಲ್ಲ. ಮಗಳು ಕಣ್ಣೊರೆಸಿಕೊಂಡು ಯೂನಿಫಾರ್ಮ್ ತೊಟ್ಟು ಸ್ಕೂಲಿಗೆ ಹೋದಳು.