ಬೀಗದ ಮೈದುನ ಮತ್ತು ಮೊಮ್ಮಗಳ ಕುಂಚಿಗೆ

ನಮ್ಮ ಮೈದುನ ಕಳ್ಳರಿಗೆ ಹೆದರುತ್ತಾನೆಂದು ಓಣಿಯೆಲ್ಲ ಆಡಿಕೊಳ್ಳುತ್ತದೆ. ಶುದ್ಧ ಸುಳ್ಳು! ಇವನ ಬೀಗಗಳನ್ನು ಕಂಡು ಕಳ್ಳರೇ ಬೇಸತ್ತು ಬೇರೆ ಉದ್ಯೋಗ ಹಿಡಿದಿರಬೇಕು. ಮೊಸರಿಟ್ಟ ಗೂಡಿಗೆ ಬೀಗ, ಛತ್ರಿಗೆ ಬೀಗ. ಒಮ್ಮೆ ಮಠದ ಬಾಗಿಲಲ್ಲಿ ಎರಡೂ ಚಪ್ಪಲಿ ಸೇರಿಸಿ ಸೈಕಲ್ ಬೀಗ ಜಡಿದು ಒಳಗೆ ಹೋದ. ಕೀಲಿಕೈ ಎಲ್ಲೋ ಬಿತ್ತು. ಜೋಡಿ ಚಪ್ಪಲಿಯನ್ನು ಹೆಗಲಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಬಂದವನು ಏನೆಂದ ಗೊತ್ತೇ?

"ಕಳುವಾಗಲಿಲ್ಲ ನೋಡ್ರಿ, ವೈನಿ!"

ವೈನಿ ಎಂದರೆ ಅತ್ತಿಗೆ; ಅಂದರೆ ಈ ಬಡಪಾಯಿ.

ಇಂಥವನು ಬೆಳಗಾವಿಗೆ ಹೊಂದಿದ ವಡಗಾವಿಯ ನಮ್ಮ ಮಗ್ಗದ ಮನೆಯಲ್ಲಿ ಕಂಪ್ಯೂಟರ್ ಇಟ್ಟು ಸೀರೆ ಅಂಚಿನ ಚಿತ್ರ ಬರೆಯತೊಡಗಿದ. ಓಣಿಯವರು ಕದ್ದರೆ? ಡಿಸ್ಕನ್ನೇ ಕಿತ್ತೊಯ್ದರೂ ಪಾಸ್‌ವರ್ಡ್ ಇಲ್ಲದೆ ಒಳಗಿನದೇನೂ ಕಾಣದಂತೆ ಬೀಗ ಹಾಕಿಸಿದ. ಮುಂದೆ ಮಗ್ಗ ಮಾರಿದ, ಕಂಪ್ಯೂಟರ್ ಕೆಟ್ಟಿತು. ಡಿಸ್ಕ್ ಬಿಚ್ಚಿಸಿಕೊಂಡು ಖಾನಾಪುರದ ಮಗನ ಮನೆ ಸೇರಿದ. ಡಿಸ್ಕ್ ಒಯ್ದ, ಪಾಸ್‌ವರ್ಡ್ ಮರೆತ. ಎಂಥ ಭದ್ರತೆ! ಇನ್ನು ಮಾಲೀಕನೂ ಕದಿಯಲಾರ!

ನನಗೇಕೆ ಈ ಉಸಾಬರಿ ಎನ್ನುತ್ತೀರಾ? ನಾನು ಅಜ್ಜಿಯಾದೆನ್ರೀ! ಮಗಳ ಮದುವೆಯಾಗಿ ಎಷ್ಟೋ ವರ್ಷ ದೇವರು, ದವಾಖಾನೆ ಎಲ್ಲ ಸುತ್ತಿ ಆಸೆ ಬಿಟ್ಟ ಮೇಲೆ ಮೊಮ್ಮಗಳು ಬಂದಳು. ಅರ್ಧಕ್ಕೇ ಸಾಲಿ ಬಿಟ್ಟವಳು ನಾನು. ಈ ಸಂತೋಷಕ್ಕೆ ನನಗೆ ಬರುವ ಅಕ್ಷರಗಳು ಸಾಲುವುದಿಲ್ಲ. ಬಸ್ಸಿನ ಕಂಡಕ್ಟರನಿಗೂ ಕುಂದಾ ತಿನ್ನಿಸಿ, ಟಿಕೆಟ್ ತೆಗೆಸುವುದನ್ನೇ ಮರೆತಿದ್ದೇನೆ! ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಬೇಕು. ಅದಕ್ಕೆ ಮಗಳ ಮದುವೆ ಸೀರೆಯ ಅಂಚೇ ಬೇಕು, ಮೈದುನ ಬರೆದದ್ದು. ಆ ಸೀರೆಯನ್ನೋ ಇಲಿ ಕಡಿದಿತ್ತು. ಟ್ರಂಕಿಗೆ ನಾನು ಬೀಗ ಹಾಕದ್ದೇ ಕಾರಣವಂತೆ!

ಡಿಸ್ಕ್ ತರಲು ಮೈದುನನಿಗೆ ಹೇಳಿಕಳಿಸಿದೆ. ಡಿಸ್ಕನ್ನು ಊಟದ ಡಬ್ಬಿಯಲ್ಲಿಟ್ಟು, ಡಬ್ಬಿಗೂ ಬೀಗ ಹಾಕಿ ರೈಲು ಹತ್ತಿದ. ದೇಸೂರಲ್ಲಿ ಹತ್ತಿ ಬಾಜು ಕುಳಿತವನು ಕೇಳಿದನಂತೆ:

"ಏನೈತ್ರಿ ಡಬ್ಯಾಗ?"

"ಶೇಂಗಾ ಹೋಳಗಿ."

"ಹೋಳಗಿಗೆ ಕೀಲಿ ಹಾಕೂವಂಥಾ ಜಿಪುಣರನ್ನ ಇವತ್ತ ನೋಡಿದೆ ನೋಡ್ರಿ!"

ಬೆಳಗಾವಿ ಪ್ಯಾಟಿಯ ಕಂಪ್ಯೂಟರ್ ಅಂಗಡಿಯವರು ಡಿಸ್ಕನ್ನು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿದರು. "ಡಿಸ್ಕ್ ಗಟ್ಟಿ ಐತ್ರಿ ಅಮ್ಮಾರ. ಆದ್ರ ಪಾಸ್‌ವರ್ಡ್ ಇಲ್ಲಂದ್ರ ದೇವರಿಗೂ ತಗಿಯಾಕ ಆಗೂದಿಲ್ರಿ."

"ಇಂವಾ ದೇವರನ್ನೂ ನಂಬೂದಿಲ್ರಿ, ಅದಕ್ಕ ಹಂಗ ಮಾಡ್ಯಾನ!" ಎಂದೆ.

ಮೈದುನ ಮತ್ತೆಮತ್ತೆ ಒತ್ತಿದ. ಎಲ್ಲ ತಪ್ಪು. "ಬಾಯಾಗ ಬರವಲ್ದು ವೈನಿ. ಕೈಗೆ ಗೊತ್ತಿತ್ತು," ಎಂದು ಮುಖ ಸಣ್ಣ ಮಾಡಿದ.

ಕೈಗೆ! ಆಗ ನನಗೆ ಹೊಳೆಯಿತು. ಮಗ್ಗದ ಖಟ್-ಖಟ್ ನಡುವೆ ಇವನು ಕಂಪ್ಯೂಟರ್ ಒತ್ತುತ್ತಿದ್ದ, ಬಾಜು ಕುಳಿತು ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಇವನ ಬೆರಳು ಮಗ್ಗದ ತಾಳಕ್ಕೇ ಬೀಳುತ್ತಿದ್ದವು. ಸಪ್ಪಳವಿಲ್ಲದ ತಣ್ಣನೆಯ ಅಂಗಡಿಯಲ್ಲಿ ಆ ಕೈಗೆ ಎಚ್ಚರ ಎಲ್ಲಿಂದ ಬರಬೇಕು?

"ಏಳಪಾ, ವಡಗಾವಿಗೆ ಹೋಗೂಣು!"

ಅಂಗಡಿಯವರೂ ಕುತೂಹಲಕ್ಕೆ ಲ್ಯಾಪ್‌ಟಾಪ್ ಹಿಡಿದು ಬಂದರು. ನೆರೆಮನೆಯವರ ಮಗ್ಗ ಚಾಲೂ ಮಾಡಿಸಿದೆ. ಮೈದುನ ಕಣ್ಣು ಮುಚ್ಚಿದ. ಮೊದಲು ಕಾಲು ಕುಣಿಯಿತು, ಆಮೇಲೆ ಬೆರಳು ಓಡಿದವು. ತೆರೆಯಿತು! ನಾನು ಕೂಗಿದ ಕೂಗಿಗೆ ನೆರೆಮನೆಯವರು ಹೆದರಿ ಮಗ್ಗ ನಿಲ್ಲಿಸಿದರು.

ಅಂಚು ಸಿಕ್ಕಿತು. ಅದರ ಕೆಳಗೆ ಇನ್ನೊಂದು ಚಿತ್ರ. ಪುಟ್ಟ ಕುಂಚಿಗೆ, ಸುತ್ತಲೂ ಗಿಳಿ.

"ಇದನ್ನ ಯಾವಾಗ ಮಾಡಿದ್ಯೋ?"

"ನಿಮ್ಮ ಮಗಳ ಮದವಿ ಆದ ಮರುವರ್ಷ."

"ಮತ್ತ ಯಾಕ ತೋರಿಸಲಿಲ್ಲ?"

ತಲೆ ಎತ್ತದೆ ಹೇಳಿದ: "ಅಕಿ ಬಂದಾಗೊಮ್ಮೆ ಈ ಕಂಪ್ಯೂಟರ್ ಮುಂದ ಕುಂದರ್ತಿದ್ಲಲ್ರಿ ವೈನಿ. ಕಣ್ಣಿಗೆ ಬಿದ್ದಿದ್ರ ಅಳ್ತಿದ್ಲು. ಅದಕ್ಕ ಕೀಲಿ ಹಾಕಿಸಿದೆ."

ಇಷ್ಟು ವರ್ಷ ಓಣಿಯವರನ್ನೆಲ್ಲ ಕಳ್ಳರೆಂದು ಬೈದನಲ್ಲ, ಭೂಪ!

ತೊಟ್ಟಿಲ ದಿನ ಗಿಳಿಯ ಕುಂಚಿಗೆಯನ್ನು ಕೂಸಿಗೆ ತಾನೇ ತೊಡಿಸಿದ. ಲಾಡಿಯನ್ನೂ ತಾನೇ ಕಟ್ಟಿದ. ಬಿಗಿಯಾಗಿ ಅಲ್ಲ, ಕೂಸು ಕೈಯಾಡಿಸಿದರೂ ಬಿಚ್ಚಿಕೊಳ್ಳುವ ಹಾಗೆ.