ಕತ್ತರಿಸಿ ಮೆಚ್ಚಿದ ಜಾಗಟೆ

ಕರಂಗ್‌ವಾಡುಕ್ ಗುಡ್ಡದ ನೆತ್ತಿಯಲ್ಲಿ ಜನರ ತೆರಿಗೆಯಿಂದ ತಂಪಾಗಿ ನೆಲೆಸಿರುವ ಪದಾರ್ಥ ವಿಜ್ಞಾನ ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ತಮಗೂ, ತಮ್ಮ ಉಪನಿರ್ದೇಶಕರಿಗೂ, ಏಸಿ ಕೋಣೆಗಳಲ್ಲಿ ನಮಗಿಂತ ಸುಖವಾಗಿರುವ ತಮ್ಮ ಯಂತ್ರಗಳಿಗೂ ಜಾಗಟೆ ಮಾಡುವ ಕಂಚುಗಾರ ತುಕಿರಾನರ ಮಗಳು ರುಮಿಯಾತಿಯ ಗೌರವಪೂರ್ವಕ ವಂದನೆಗಳು. ನಾವೆಲ್ಲ ಕ್ಷೇಮ. ನಮ್ಮ ಜಾಗಟೆಯ ಕ್ಷೇಮಸಮಾಚಾರ ಮಾತ್ರ ನಮಗಿಂತ ತಮಗೇ ಚೆನ್ನಾಗಿ ಗೊತ್ತು.

ಜಿಲ್ಲಾ ಕಚೇರಿಯವರು ಅವರ ಹೊಸ ಸಭಾಮಂಟಪಕ್ಕೆಂದು ನಮ್ಮಲ್ಲಿ ಒಂದು ದೊಡ್ಡ ಜಾಗಟೆ ಮಾಡಿಸಿ, ಅದರ ಕಂಚು ಒಳ್ಳೆಯದೆಂದು ತಮ್ಮಿಂದ ಪ್ರಮಾಣಪತ್ರ ತರಬೇಕೆಂದದ್ದು ತಮಗೆ ನೆನಪಿರಬಹುದು. ಎಪ್ಪತ್ನಾಲ್ಕು ವರ್ಷದ ನಮ್ಮಪ್ಪ ನಾಲ್ವರು ಸುತ್ತಿಗೆಯವರನ್ನು ಕಟ್ಟಿಕೊಂಡು ಇಪ್ಪತ್ತಾರು ದಿನ ಬೆಂಕಿಯ ಮುಂದೆ ಕೂತು ಬಡಿದ ಜಾಗಟೆ ಅದು. ನಮ್ಮ ಪದ್ಧತಿಯಂತೆ ಹೆಸರೂ ಇಟ್ಟಿದ್ದೆವು: ಕ್ಯಾಯಿ ಮೆಂದುಂಗ್, ಅಂದರೆ ಮೋಡದಜ್ಜ. ತಮ್ಮ ಅರ್ಜಿ ಫಾರಂನಲ್ಲಿ 'ಮಾದರಿಯನ್ನು ಲಗತ್ತಿಸಿ' ಎಂದಿತ್ತು. ಒಂದು ಚೂರು ಕೊಟ್ಟರೆ ಸಾಕು ಎಂಬುದು ಲೋಕಕ್ಕೆಲ್ಲ ತಿಳಿದ ವಿಷಯವಂತೆ, ಆದರೆ ಕಂಚುಗಾರರ ಕೇರಿಗೆ ಆ ಸುದ್ದಿ ತಲುಪಿರಲಿಲ್ಲ. "ಹುಡುಗೀನ ನೋಡೋಕೆ ಬರ್ತೀವಿ ಅಂದ್ರೆ ಯಾರಾದ್ರೂ ಕಿರುಬೆರಳು ಕೊಯ್ದು ಕಳಿಸ್ತಾರೇನೇ?" ಎಂದು ಅಪ್ಪ ನನ್ನನ್ನೇ ಗದರಿದರು. ಹಾಗಾಗಿ ಮೋಡದಜ್ಜನಿಗೆ ಹೊಸ ಬಾಟಿಕ್ ಬಟ್ಟೆ ಹೊದಿಸಿ, ಮಲ್ಲಿಗೆ ಮುಡಿಸಿ, ವ್ಯಾನಿನಲ್ಲಿ ಮೂವರ ತೊಡೆಯ ಮೇಲೆ ಮಲಗಿಸಿಕೊಂಡು ತಂದೆವು. ತಪ್ಪು ನಮ್ಮದೂ ಇದೆ, ಒಪ್ಪಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾದರಿ ವಿಭಾಗದ ಶ್ರೀಮತಿ ಹೆಸ್ತಿಯವರು ಕಿಟಕಿಯಿಂದ ಇಣುಕಿ, "ಅಬ್ಬಬ್ಬಾ, ಇಷ್ಟು ದೊಡ್ಡ ಮಾದರಿ ನನ್ನ ಸರ್ವಿಸ್‌ನಲ್ಲೇ ಯಾರೂ ತಂದಿಲ್ಲ ಕಣಮ್ಮಾ!" ಎಂದಾಗ ನಾವು ಹೊಗಳಿಕೆಯೆಂದು ತಿಳಿದು ಹಿಗ್ಗಿದೆವು. ಅದರ ಮೇಲೆ ೦೪೧೭ ಎಂಬ ಚೀಟಿ ಅಂಟಿಸಿದಾಗಲೂ, ಸರ್ಕಾರದವರಲ್ಲವೇ, ಅಜ್ಜನಿಗೂ ನಂಬರು ಕೊಡುತ್ತಾರೆ ಎಂದುಕೊಂಡೆವು.

ಮೂರು ವಾರದ ನಂತರ ಬಂದ ತಮ್ಮ ವರದಿಯನ್ನು ನಾನು ಕೇರಿಗೆಲ್ಲ ಕೇಳಿಸುವಂತೆ ಓದಿದ್ದೇನೆ. ತವರದ ಪ್ರಮಾಣ ಉತ್ತಮ, ಗಡಸುತನ ಅತ್ಯುತ್ತಮ, ಒಳಗೆ ಒಂದು ಗಾಳಿಗುಳ್ಳೆಯೂ ಇಲ್ಲ, ಒಟ್ಟಾರೆ ದೋಷರಹಿತ. ಮೇಲ್ಮೈ ಕಲ್ಮಶ: ಮಲ್ಲಿಗೆ. ಈ ಅರವತ್ತು ವರ್ಷಗಳಲ್ಲಿ ಅಪ್ಪನ ಕೆಲಸವನ್ನು ಇಷ್ಟು ಬಾಯಿತುಂಬ ಹೊಗಳಿದವರು ಇನ್ನೊಬ್ಬರಿಲ್ಲ, ಮತ್ತು ಹೊಗಳುವುದಕ್ಕಾಗಿ ಅದನ್ನು ಹನ್ನೆರಡು ತುಂಡು ಮಾಡಿದವರೂ ಇನ್ನೊಬ್ಬರಿಲ್ಲ. ಕತ್ತರಿಸುವಾಗ ತಮ್ಮ ಗರಗಸದ ಮೂರು ಅಲಗು ಮುರಿದವೆಂದು ಅಡಿಟಿಪ್ಪಣಿಯಲ್ಲಿ ಓದಿದಾಗ ಅಪ್ಪ ಒಂದು ಕ್ಷಣ ನಕ್ಕದ್ದನ್ನು ಮುಚ್ಚಿಡಲಾರೆ. ಆಮೇಲೆ ವರದಿಯ ಜೊತೆ ಬಂದ ತುಂಡುಗಳ ಮೂಟೆ ಬಿಚ್ಚಿ, ಒಂದೊಂದನ್ನೇ ನೆಲದ ಮೇಲೆ ದುಂಡಗೆ ಜೋಡಿಸುತ್ತ ಕೂತರು. ಇತ್ತ ಜಿಲ್ಲಾ ಕಚೇರಿಯವರು, "ಪ್ರಮಾಣಪತ್ರ ಬಂತು, ಜಾಗಟೆ ಎಲ್ರೀ?" ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ. ಸದ್ಯಕ್ಕೆ ಪ್ರಮಾಣಪತ್ರವನ್ನೇ ಹಗ್ಗ ಕಟ್ಟಿ ತೂಗುಹಾಕಿ ಬಾರಿಸಿಕೊಳ್ಳಿ ಎಂದಿದ್ದೇನೆ.

ಒಡೆದ ಜಾಗಟೆಗೆ ಸಾವಿಲ್ಲ ಸ್ವಾಮಿ, ಕರಗಿಸಿ ಮತ್ತೆ ಬಡಿದರೆ ಎದ್ದು ಬರುತ್ತದೆ. ಆದರೆ ಅದರ ಕಂಚೆಲ್ಲ ಒಟ್ಟಿಗೇ ಬೆಂಕಿಗೆ ಹೋಗಬೇಕು, ಒಂದು ತುಂಡೂ ಹೊರಗುಳಿಯಬಾರದು ಎಂಬುದು ನಮ್ಮ ಕುಲುಮೆಯ ಕಟ್ಟಳೆ. ತಾವು ಕಳುಹಿಸಿದ್ದು ಹನ್ನೊಂದು. ಹನ್ನೆರಡನೆಯದು, ನಡುಮಧ್ಯದಲ್ಲಿ ಉಬ್ಬಿರುವ ಗುಬುಟು, ಬಡಿಗೆ ತಾಗುವ ಜಾಗ, ತಮ್ಮಲ್ಲಿದೆ. ಕೇಳಲು ಹೋದರೆ ಶ್ರೀಮತಿ ಹೆಸ್ತಿಯವರು, "ಮಾದರಿ ಐದು ವರ್ಷ ಇಟ್ಕೋಬೇಕಮ್ಮಾ, ರೂಲ್ಸು. ನನ್ನ ಮಗನದಾದ್ರೂ ಕೊಡಕ್ಕಾಗಲ್ಲ" ಎಂದರು. ಪಾಪ, ಕುಡಿಯಲು ಟೀ ಕೊಟ್ಟರು. ಆ ತುಂಡು ಮನೆಗೆ ಬರುವವರೆಗೆ ಅಪ್ಪ ಕುಲುಮೆ ಹೊತ್ತಿಸುವುದಿಲ್ಲ. ಅವರ ಬಲಗೈ ಈಗಲೇ ಬೆಳಿಗ್ಗೆ ಅನ್ನದ ತಟ್ಟೆ ಎತ್ತುವಾಗ ನಡುಗುತ್ತದೆ. "ಇನ್ನೊಂದು ದೊಡ್ಡದು ಆದೀತು ಕಣೇ, ಈ ವರ್ಷವಾದ್ರೆ" ಎಂದರು, ನನ್ನ ಮುಖ ನೋಡದೆ.

ಆದ್ದರಿಂದ ತಮ್ಮ ನಿಯಮಕ್ಕೆ ಎಳ್ಳಷ್ಟೂ ಭಂಗ ಬಾರದಂತೆ ಒಂದು ಉಪಾಯ ಅರಿಕೆ ಮಾಡಿಕೊಳ್ಳುತ್ತೇನೆ. ಪದಾರ್ಥಗಳಿಗೆ ಮುಪ್ಪು ಬಾರದಂತೆ ಕಾಪಾಡುವ ಶೀತಪೆಟ್ಟಿಗೆಯೊಂದು ತಮ್ಮ ನೆಲಮಾಳಿಗೆಯಲ್ಲಿದೆಯಂತಲ್ಲ, ಅದರಲ್ಲಿ ಅಪ್ಪನ ಬಲಗೈಯನ್ನು ಭುಜದ ಸಮೇತ ಐದು ವರ್ಷ ಜೋಪಾನವಾಗಿಟ್ಟು, ಅವಧಿ ಮುಗಿದ ಮೇಲೆ ಗುಬುಟಿನ ಜೊತೆಗೇ ಹಿಂದಿರುಗಿಸುವುದು. ಇದಾಗದಿದ್ದರೆ ತಮ್ಮ ಸಂಸ್ಥೆಯ ಗುಣಮಟ್ಟವನ್ನೂ ನಾವು ತಮ್ಮ ಕ್ರಮದಲ್ಲೇ ಪರೀಕ್ಷಿಸಿ ಮೆಚ್ಚುವ ಅವಕಾಶ ಕೊಡುವುದು. ಮಾದರಿಯಾಗಿ ಉಪನಿರ್ದೇಶಕರೊಬ್ಬರು ಸಾಕು, ಇಡಿಯಾಗಿ ಕಳುಹಿಸಿ. ಅವರನ್ನು ಕರೆತರಲು ನಮ್ಮ ಸುತ್ತಿಗೆಯವನಾದ ಗಿಯೋನೋ ವ್ಯಾನು ತೊಳೆದಿಟ್ಟಿದ್ದಾನೆ. ಎರಡೂ ಕಷ್ಟವೆನಿಸಿದರೆ, ತೆಂಗಿನಕಾಯಿಯಷ್ಟು ಗಾತ್ರದ ಆ ತುಂಡನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟುಬಿಡಿ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ರುಮಿಯಾತಿ

ಮರೆತಿದ್ದು: ನಮ್ಮೂರ ಶಾಲೆಯ ಮಕ್ಕಳು ಮೊನ್ನೆ ತಮ್ಮ ಸಂಸ್ಥೆಯ ಪ್ರದರ್ಶನಾಲಯಕ್ಕೆ ಬಂದಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಗುಬುಟು ಕೂತಿದೆಯಂತೆ, ಕೆಳಗೆ ಹೀಗೆ ಬರೆದಿದೆಯಂತೆ: 'ಸಾಂಪ್ರದಾಯಿಕ ಜಾಗಟೆ, ಒಡೆದ ಸ್ಥಿತಿಯಲ್ಲಿ. ಒಡೆಯಲು ಕಾರಣ: ಸಂಶೋಧನೆ ನಡೆಯುತ್ತಿದೆ.' ಅಪ್ಪನಿಗೆ ಹೇಳಿದೆ. "ಕಾರಣ ನಾನೇ ಹೇಳ್ತೀನಂತೆ, ತುಂಡು ಕೊಟ್ಟು ಕೇಳಿಸ್ಕೊಂಡು ಹೋಗ್ಲಿ" ಎಂದರು.